ಮುಖ ನೋಡದ ಕಂಡಕ್ಟರ್

ಆತ ಸತ್ತು ಇಪ್ಪತ್ತು ದಿನ ಕಳೆದ ಮೇಲೆ ನನಗೆ ಗೊತ್ತಾಯಿತು. ಯಾವ ಪತ್ರಿಕೆಯಲ್ಲೂ ಒಂದು ಸಾಲು ಬಂದಿರಲಿಲ್ಲ. ಭದ್ರಾವತಿಯ ನಮ್ಮ ಹಳೆಯ ಬಾತ್ಮೀದಾರನೊಬ್ಬ ಬೇರೆ ಯಾವುದೋ ವಿಷಯಕ್ಕೆ ಫೋನ್ ಮಾಡಿದವನು, ಮಾತು ಮುಗಿಸುವಾಗ, "ಅಂದಹಾಗೆ ನಿಮ್ಮ ಕಂಡಕ್ಟರ್ ಹೋದ ಸಾರ್" ಎಂದ. ಸ್ಮಶಾನಕ್ಕೆ ಎಷ್ಟು ಜನ ಬಂದಿದ್ದರು ಎಂದು ಕೇಳಿದೆ. ವರದಿಗಾರನಾಗಿದ್ದವನ ಅಭ್ಯಾಸ ಅದು. "ಆರು ಜನ. ಅದ್ರಲ್ಲಿ ಇಬ್ರು ಸೌದೆ ಹಾಕೋರು" ಎಂದ.

"ನಿಮ್ಮ ಕಂಡಕ್ಟರ್" ಎಂಬ ಮಾತು ನನಗೆ ಹಿಡಿಸಲಿಲ್ಲ. ಆತ ನನ್ನವನಲ್ಲ. ಆತನನ್ನು ನಾನು ಯಾವತ್ತೂ ಇಷ್ಟಪಟ್ಟಿರಲಿಲ್ಲ, ಆತನಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಬರೆಯುವ ಪದ್ಧತಿಯನ್ನು ಕೆಲಸದಲ್ಲಿದ್ದಷ್ಟು ವರ್ಷ ಪಾಲಿಸಿದ್ದೇನೆ. ಈ ಸಲ ಪಾಲಿಸುವುದು ಕಷ್ಟ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ದಿನಕ್ಕೆ ಹತ್ತು ಸಲ ಓಡಾಡುವ ಒಂದು ಖಾಸಗಿ ಬಸ್ಸಿನಲ್ಲಿ ಆತ ಕಂಡಕ್ಟರ್, ಆತನ ತಮ್ಮ ಡ್ರೈವರ್. ಇಬ್ಬರೂ ಭದ್ರಾವತಿಯ ಜನ್ನಾಪುರದ ಒಂದೇ ಮನೆಯಲ್ಲಿದ್ದರು. ತಮ್ಮನಿಗೆ ಮದುವೆಯಾಗಿತ್ತು, ಅಣ್ಣನಿಗೆ ಇರಲಿಲ್ಲ. ಆಗ ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿದ್ದೆ. ಕಾರ್ಖಾನೆಗಳ ಸುದ್ದಿಗೆಂದು ವಾರಕ್ಕೆ ಮೂರು ದಿನ ಅದೇ ಬಸ್ಸು ಹತ್ತುತ್ತಿದ್ದೆ. ನಾನು ಕೈ ಚಾಚಿದ ಕೂಡಲೇ ಆತ ಎಲ್ಲಿಗೆಂದು ಕೇಳದೆ ಭದ್ರಾವತಿಯ ಓಲ್ಡ್ ಟೌನ್ ಟಿಕೆಟ್ ಹರಿದು ಕೊಡುತ್ತಿದ್ದ. ಪರಿಚಯದಿಂದ ಹಾಗೆ ಮಾಡುತ್ತಾನೆ ಎಂದುಕೊಂಡಿದ್ದೆ. ಒಮ್ಮೆ ಬಲಗೈಗೆ ಗಾಯವಾಗಿ ಬ್ಯಾಂಡೇಜ್ ಸುತ್ತಿಕೊಂಡಿದ್ದವನು ಎಡಗೈ ಚಾಚಿದೆ. "ಎಲ್ಲಿಗೆ?" ಎಂದ.

"ಮೂರು ವರ್ಷದಿಂದ ಬರ್ತಿದ್ದೀನಲ್ರೀ, ಗುರುತು ಸಿಗ್ಲಿಲ್ವಾ?" ಎಂದೆ.

"ಮುಖ ನೋಡೋಕೆ ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ? ಬಲಗೈ ಎಲ್ಲಿ?" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆತ ನಗಲಿಲ್ಲ.

ಆತ ಹೇಳಿದ್ದು ನಿಜವೇ ಆಗಿತ್ತು. ಶಿಫ್ಟ್ ಬಿಡುವ ಹೊತ್ತಿನಲ್ಲಿ ಆ ಬಸ್ಸಿನಲ್ಲಿ ನಿಂತವರ ನಡುವೆ ಬೆರಳು ತೂರಿಸಲೂ ಜಾಗ ಇರುತ್ತಿರಲಿಲ್ಲ. ಭುಜಗಳ ಸಂದಿಯಿಂದ, ಕಂಕುಳ ಕೆಳಗಿನಿಂದ ಕೈಗಳು ಮಾತ್ರ ಬರುತ್ತಿದ್ದವು. ಆತ ಹದಿನೈದು ವರ್ಷ ಆ ಕೈಗಳನ್ನು ನೋಡಿದ್ದ. ಯಾವ ಕೈ ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಆತನಿಗೆ ಬಾಯಿಪಾಠ.

ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರು ತಾವು ಟಿಕೆಟ್ ತಗೊಂಡಾಗಿದೆ ಎಂದು ವಾದಿಸಿದರು. "ನಿಮ್ಮ ಕೈ ಇನ್ನೂ ಬಂದಿಲ್ಲ" ಎಂದ ಆತ. ಅವರು ಜೇಬಿನಿಂದ ತೆಗೆದ ಟಿಕೆಟ್ ಹಿಂದಿನ ದಿನದ್ದು. ತಪ್ಪಾಯಿತು, ಹೊಸದು ಕೊಡಿ ಎಂದು ಕೇಳಿಕೊಂಡರು. "ಸುಳ್ಳು ಹೇಳಿದ್ ಮೇಲೆ ಟಿಕೆಟ್ ಇಲ್ಲ" ಎಂದು ಸೀಟಿ ಊದಿ, ನೆರಳಿಲ್ಲದ ಕಡೆ ಅವರನ್ನು ಇಳಿಸಿದ. ಮುಂದಿನ ಟ್ರಿಪ್ಪಿನಲ್ಲಿ ಆತನ ತಮ್ಮ ಅದೇ ಜಾಗದಲ್ಲಿ ಬಸ್ಸು ನಿಲ್ಲಿಸಿ ಅವರನ್ನು ಹತ್ತಿಸಿಕೊಂಡನಂತೆ. ಅಣ್ಣ ತಮ್ಮ ಅವತ್ತಿಡೀ ಮಾತಾಡಲಿಲ್ಲವಂತೆ. ತಮ್ಮನನ್ನು ಜನ ಪ್ರೀತಿಸುತ್ತಿದ್ದರು ಎಂಬುದನ್ನು ಇಲ್ಲಿ ದಾಖಲಿಸಬೇಕು. ಮುಂದೆ ಊರು ನಡೆದುಕೊಂಡ ರೀತಿಗೆ ಅದೂ ಒಂದು ಕಾರಣ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲೊಂದು ಬೆಳಿಗ್ಗೆ ಆ ಬಸ್ಸಿನಲ್ಲಿ ಬಾಂಬ್ ಸಿಡಿಯಿತು. ಜನ್ನಾಪುರದಲ್ಲಿ ಹತ್ತಿದವನೊಬ್ಬ, ಡ್ರೈವರ್ ಪಕ್ಕದ ಬಾನೆಟ್ ಹತ್ತಿರ ಚೀಲ ಇಟ್ಟು, ಶಿವಮೊಗ್ಗಕ್ಕೆ ಟಿಕೆಟ್ ತಗೊಂಡು, ಊರು ದಾಟುವ ಮೊದಲೇ ಇಳಿದುಹೋಗಿದ್ದ. ಆತನ ತಮ್ಮನೂ ಮುಂದಿನ ಸೀಟುಗಳಲ್ಲಿದ್ದ ಮೂವರೂ ಸತ್ತರು. ಹಿಂದಿನ ಬಾಗಿಲಲ್ಲಿದ್ದ ಆತನ ಎಡಗಿವಿ ಹೋಯಿತು, ಎರಡೂ ಕೈ ಸುಟ್ಟು ಉಗುರುಗಳೆಲ್ಲ ಬಿದ್ದವು. ಸಂಜೆ ಆಸ್ಪತ್ರೆಯಲ್ಲಿ, ಬಟ್ಟೆ ಮುಚ್ಚಿ ಮಲಗಿಸಿದ್ದವರಲ್ಲಿ ತಮ್ಮ ಯಾರೆಂದು ಹೇಳಬೇಕಾಯಿತು. ಹೊರಗೆ ಕಾಣುತ್ತಿದ್ದ ಒಂದು ಕೈ ನೋಡಿ "ಇದೇ" ಎಂದ. ಮುಖದ ಬಟ್ಟೆ ತೆಗೆಯಲು ಬಿಡಲಿಲ್ಲ.

ಬಾಂಬ್ ಇಟ್ಟವನ ವಿಷಯದಲ್ಲಿ ಆತ ಪೊಲೀಸರಿಗೆ ಹೇಳಿದ್ದು ಇಷ್ಟು: ಅದು ಹೊಸ ಕೈ, ಬಲ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು, ಮುಖ ನೋಡಿಲ್ಲ. ಹೇಳಿಕೆ ಬರೆದುಕೊಂಡವರಿಗೆ ಉಗುರಿನ ಮಾತು ತಲೆಹರಟೆಯಾಗಿ ಕಂಡಿರಬೇಕು. ಅದನ್ನು ಬಿಟ್ಟು, ಕೊನೆಗೆ "ಸದರಿ ವ್ಯಕ್ತಿಯನ್ನು ಮತ್ತೆ ತೋರಿಸಿದಲ್ಲಿ ಗುರುತಿಸುತ್ತೇನೆ" ಎಂದು ಸೇರಿಸಿದರು. ಆಗಿನ ಪೊಲೀಸ್ ಹೇಳಿಕೆಗಳಲ್ಲಿ ಈ ಸಾಲು, ಅರ್ಜಿಯ ಕೊನೆಯಲ್ಲಿ ವಂದನೆ ಬರುವ ಹಾಗೆ, ಯಾರೂ ಹೇಳದಿದ್ದರೂ ಬರುತ್ತಿತ್ತು. ಸುಟ್ಟ ಕೈಯಿಂದ ಆತ ಹೆಬ್ಬೆಟ್ಟಿನ ಗುರುತು ಒತ್ತಿಯೂ ಇರಲಿಲ್ಲ. ನಾನು ಆ ಸಾಲನ್ನು ಠಾಣೆಯಲ್ಲಿ ಓದಿದೆ. ಮರುದಿನ ಮೊದಲ ಪುಟದಲ್ಲಿ "ಹಂತಕನ ಮುಖ ಕಂಡ ಕಂಡಕ್ಟರ್" ಎಂದು ನನ್ನ ವರದಿ ಬಂತು. ಆತ ಮಲಗಿದ್ದ ಆಸ್ಪತ್ರೆ ನಮ್ಮ ಕಚೇರಿಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಿ ಕೇಳಿರಲಿಲ್ಲ.

ಐದು ತಿಂಗಳಾದ ಮೇಲೆ ಕುಂಸಿ ಕಡೆಯ ಒಬ್ಬನನ್ನು ಹಿಡಿದರು. ಪಂಪ್‌ಸೆಟ್ ರಿಪೇರಿ ಮಾಡುವವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾವ ಸಂಘಟನೆಯ ಹೆಸರನ್ನು ಪೊಲೀಸರು ಹೇಳಿದರು ಎಂಬುದನ್ನೂ ಬರೆಯುವುದಿಲ್ಲ. ಬರೆದರೆ ಓದುವವರು ಅಲ್ಲೇ ತೀರ್ಪು ಕೊಟ್ಟು ಪುಟ ಮಗುಚುತ್ತಾರೆ. ಆಗ ನಾವೆಲ್ಲ ಮಾಡಿದ್ದೂ ಅದನ್ನೇ. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಅಂಗಡಿ ಮುಚ್ಚಿಸಿದರು. "ಕೋರ್ಟು ಬೇಡ, ನಮಗೆ ಕೊಡಿ" ಎಂದು ಮೆರವಣಿಗೆ ಹೋಯಿತು. ಕುಂಸಿಯ ಅವನ ರಿಪೇರಿ ಶೆಡ್ಡಿಗೆ ಬೆಂಕಿ ಹಾಕಿದರು. ನಾನು ಆರು ಸಾಲು ಬರೆದೆ, "ಉದ್ರಿಕ್ತ ಗುಂಪು" ಎಂದೆ. ಗುಂಪಿನಲ್ಲಿದ್ದ ನಾಲ್ವರ ಹೆಸರು ನನಗೆ ಗೊತ್ತಿತ್ತು.

ಅವನ ವಿರುದ್ಧ ಪೊಲೀಸರ ಬಳಿ ಗಟ್ಟಿಯಾದದ್ದು ಏನೂ ಇರಲಿಲ್ಲ. ಎಲ್ಲ ನಿಂತಿದ್ದು ಕಂಡಕ್ಟರನ ಮೇಲೆ. ಜೈಲಿನಲ್ಲಿ ಗುರುತು ಪರೇಡ್ ಇಟ್ಟರು. ಒಂದೇ ಎತ್ತರದ, ಒಂದೇ ಥರದ ಗಡ್ಡದ ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸುತ್ತಾರೆ, ಒಬ್ಬ ಆರೋಪಿ, ಉಳಿದವರು ಹೊರಗಿನವರು. ತಹಸೀಲ್ದಾರರ ಎದುರು ಸಾಕ್ಷಿ ಬಂದು ಬೆರಳು ಮಾಡಿ ತೋರಿಸಬೇಕು.

ಹಿಂದಿನ ದಿನ ಬಸ್ಸಿನ ಮಾಲೀಕರೇ ಜನ್ನಾಪುರಕ್ಕೆ ಹೋದರು. ಅವರು ಆತನಿಗೆ ಹೇಳಿದ್ದನ್ನು ನನಗೆ ಅವರೇ ಹೆಮ್ಮೆಯಿಂದ ಹೇಳಿದರು: "ಬೆರಳು ತೋರ್ಸೋಕೆ ಏನು ಕಷ್ಟ ಮಾರಾಯ? ತೋರ್ಸಿ ಬಾ. ಮುಂದಿನ್ದು ಕೋರ್ಟ್ ನೋಡ್ಕೊಳ್ಳುತ್ತೆ." ಬೆಳಿಗ್ಗೆ ತಮ್ಮನ ಹೆಂಡತಿ ಗಂಡನ ಖಾಕಿ ಶರಟು ಇಸ್ತ್ರಿ ಮಾಡಿ ಆತನಿಗೆ ಕೊಟ್ಟಳು. ಹಾಕಿಕೊಂಡು ಹೋಗಿ ಎಂದಳು. ಆತ ಹಾಕಿಕೊಂಡು ಹೋದ.

ಒಳಗೆ ನಡೆದದ್ದು ನನಗೆ ಗೊತ್ತಾದದ್ದು ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನಿಂದ. ಎತ್ತರ, ಗಡ್ಡ ಸರಿಹೊಂದುತ್ತದೆಂದು ಪೊಲೀಸರು ಅವನನ್ನೂ ಸಾಲಿಗೆ ಕರೆದೊಯ್ದಿದ್ದರು. ಕಚೇರಿ ಪಕ್ಕದ ಕ್ಯಾಂಟೀನಿನಲ್ಲಿ ಕೂತು ಹೇಳಿದ.

"ಬಂದ ಸಾರ್, ಒಬ್ರ ಮುಖಾನೂ ನೋಡ್ಲಿಲ್ಲ. ಕೆಳಗೆ ನೋಡ್ಕೊಂಡು ನಡೆದ. ತಹಸೀಲ್ದಾರ್ರು, 'ರೀ, ಚಪ್ಪಲಿ ಹುಡುಕ್ತಿದ್ದೀರಾ? ಮುಖ ನೋಡ್ರಿ' ಅಂದ್ರು. 'ಎಲ್ರಿಗೂ ಕೈ ಚಾಚೋಕೆ ಹೇಳಿ ಸ್ವಾಮಿ' ಅಂದ. ಚಾಚಿದ್ವಿ. ನನ್ನ ಕೈ ಮಸಿ ನೋಡಿ 'ಪ್ರೆಸ್ಸಾ?' ಅಂದ. ನಂಗೆ ಅಲ್ಲೇ ಉಚ್ಚೆ ಹೋಗೋದೊಂದು ಬಾಕಿ."

"ಆರೋಪಿ ಯಾರು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಾವು ಎಂಟು ಜನ ಮನೇಲಿ ಊಟ ಮಾಡಿ ಬಂದೋರು, ಅವನೊಬ್ಬ ಲಾಕಪ್ಪಿಂದ ಬಂದೋನು. ಕಾಲು ಹಿಂಗೆ ಹಿಂಗೆ ನಡುಗ್ತಿತ್ತು. ನಾವೆಲ್ಲ ಕಣ್ಣಲ್ಲೇ ತೋರಿಸ್ತಿದ್ವಿ ಸಾರ್, ಇವನೇ, ಇವನೇ ಅಂತ. ನಾನು ಪಕ್ಕದಲ್ಲೇ ಇದ್ದೆ. ಸುಲಭ ಆಗ್ಲಿ ಅಂತ ಸ್ವಲ್ಪ ಆ ಕಡೆ ವಾಲಿದೆ."

"ಆಮೇಲೆ?"

"ಮೂರು ಸಲ ಆ ತುದಿಯಿಂದ ಈ ತುದಿ. ಅವನ ಮುಂದೆ ಜಾಸ್ತಿ ಹೊತ್ತು ನಿಂತ. ಸದ್ಯ, ಮುಗೀತು ಅಂದ್ಕೊಂಡೆ. ಆಮೇಲೆ ತಲೆ ಎತ್ತಿ ತಹಸೀಲ್ದಾರ್ರಿಗೆ 'ಗೊತ್ತಾಗ್ಲಿಲ್ಲ' ಅಂದು ಹೊರಟೇಹೋದ. ಇಷ್ಟೊತ್ತು ಬಿಸಿಲಲ್ಲಿ ನಿಲ್ಸಿ! ಒಂದು ಬೆರಳು ಎತ್ತೋಕೆ ಏನಾಗಿತ್ತು ಸಾರ್ ಅವನಿಗೆ?"

ಮುಂದೆ ಕೋರ್ಟಿನಲ್ಲಿ ತಹಸೀಲ್ದಾರರ ವರದಿ ಓದಿದಾಗ, ವಾಲಿದ್ದು, ಕಣ್ಣಲ್ಲಿ ತೋರಿಸಿದ್ದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು.

ಮರುದಿನ ನಮ್ಮ ತಲೆಬರಹ "ಗುರುತಿಸಲು ಕಂಡಕ್ಟರ್ ನಿರಾಕರಣೆ". ಬರೆದವನು ನಾನೇ. ಆತ ನಿರಾಕರಿಸಿರಲಿಲ್ಲ, ಗೊತ್ತಾಗಲಿಲ್ಲ ಎಂದಿದ್ದ ಎಂಬುದು ಬರೆಯುವಾಗ ನನಗೆ ಗೊತ್ತಿತ್ತು. ನಾಲ್ಕು ಹೆಣ ನೋಡಿ ಬಂದಿದ್ದೆ. ನನಗೂ ಒಂದು ಬೆರಳು ಏಳಬೇಕಿತ್ತು.

ವಾರದೊಳಗೆ ಮಾಲೀಕರು ಕೆಲಸ ಬಿಡಿಸಿದರು. ಮನೆ ಬಾಗಿಲಿಗೆ ಸಗಣಿ ಎರಚಿದರು. ಹಣ ತಿಂದಿದ್ದಾನೆ ಎಂದರು, ಆರೋಪಿಯ ಕಡೆಯವರ ಹೆಣ್ಣಿನ ಸಹವಾಸ ಎಂದರು. ಎರಡನ್ನೂ ನಾನು ವಿಚಾರಿಸಿದೆ, ಎರಡೂ ಸುಳ್ಳು. ಸುಳ್ಳು ಎಂಬುದು ಸುದ್ದಿಯಾಗಲಿಲ್ಲ.

ಜನ್ನಾಪುರದ ಆ ಮನೆಗೆ ನಾನು ಹೋದದ್ದು ಆ ದಿನಗಳಲ್ಲೇ. ಬಾಗಿಲಲ್ಲಿ ತಮ್ಮನ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು. ಆತ ಒಳಗೆ ಗೋಡೆಗೆ ಒರಗಿದ್ದ. ಅವಳು ಮೊರ ಕೆಳಗಿಡಲಿಲ್ಲ.

"ಪೇಪರ್ನೋರಾ? ಬರ್ಕೊಳ್ಳಿ. ಆಸ್ಪತ್ರೇಲಿ ತಮ್ಮನ್ನ ಗುರುತು ಹಿಡಿಯೋಕೆ ನಮ್ಮ ಭಾವಂಗೆ ಒಂದು ಕೈ ಸಾಕಾಯ್ತು. ಕೊಂದೋನ್ನ ಹಿಡಿಯೋಕೆ ಇಡೀ ಆಳು ನಿಂತಿದ್ರೂ ಸಾಲ್ಲಿಲ್ಲ. ಬರ್ಕೊಂಡ್ರಾ?"

ಆತ ಕೇಳಿಸುವ ಕಿವಿ ನನ್ನ ಕಡೆ ತಿರುಗಿಸಿ, "ಏನು?" ಎಂದ.

"ಕ್ಷಮಿಸಿಬಿಟ್ರಾ ಅವನನ್ನ?" ಎಂದು ಕೇಳಿದೆ. ಕೆಟ್ಟ ಪ್ರಶ್ನೆ. ಆದರೆ ಊರಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ.

"ಕ್ಷಮೆನಾ? ಸಿಕ್ರೆ ಆ ಕೈ ಮಣಿಕಟ್ಟಿಗೆ ಕಡೀತೀನಿ. ಪೊಲೀಸು ಕೋರ್ಟು ಅಂತ ಕಾಯೋನಲ್ಲ ನಾನು. ಆದ್ರೆ ಆ ಕೈನೇ ಬೇಕು ನಂಗೆ. ಇವನ್ನ ನೇಣಿಗೆ ಹಾಕಿದ್ರೆ ಏನಾಗುತ್ತೆ? ಊರೋರೆಲ್ಲ ಮುಗೀತು ಅಂತ ಮನೇಗೆ ಹೋಗ್ತಾರೆ. ಇವನಲ್ದೆ ಇದ್ರೆ, ಅವನ್ನ ಆಮೇಲೆ ಹುಡುಕೋರು ಯಾರ್ರೀ? ನೀವು ಹುಡುಕ್ತೀರಾ?"

ಆ ಮಾತಿನ ಮೊದಲರ್ಧ ಬರೆದರೆ ಆತ ಅಪಾಯಕಾರಿ, ಎರಡನೆಯರ್ಧ ಬರೆದರೆ ದೊಡ್ಡ ಮನುಷ್ಯ. ನಾನು ಎರಡನ್ನೂ ಬರೆಯಲಿಲ್ಲ.

ಮೂರು ವರ್ಷ ಜೈಲಿನಲ್ಲಿದ್ದ ಮೇಲೆ ಕುಂಸಿಯವನನ್ನು ಕೋರ್ಟು ಸಾಕ್ಷ್ಯ ಸಾಲದೆಂದು ಬಿಟ್ಟಿತು. ಬೇರೆ ಯಾರನ್ನೂ ಪೊಲೀಸರು ಹಿಡಿಯಲಿಲ್ಲ. ಹುಡುಕಿದ ಹಾಗೂ ಕಾಣಲಿಲ್ಲ. ತೀರ್ಪು ಬಂದ ತಿಂಗಳೇ ಬೆಂಗಳೂರಿನಿಂದ ಕೆಲವರು ಶಾಲು, ಹಾರ ತಂದರು. ಒಳ್ಳೆಯ ಜನ. ದ್ವೇಷಕ್ಕೆ ಬಲಿಯಾಗದ ಸಾಮಾನ್ಯ ಮನುಷ್ಯ ಎಂದು ಕಂಡಕ್ಟರನನ್ನು ಸನ್ಮಾನಿಸಬೇಕೆಂದಿದ್ದರು. ಆತ ಶಾಲು ತೆಗೆದು ತಂದವರ ಹೆಗಲಿಗೇ ಹಾಕಿ, "ನನ್ನ ಹೊಟ್ಟೇಲಿ ಏನಿದೆ ಅಂತ ನಿಮಗೆ ಯಾರು ಹೇಳಿದ್ದು? ಎದ್ದು ಹೋಗ್ರಿ" ಎಂದ. ಅವರಲ್ಲಿ ಒಬ್ಬ ಹೆಂಗಸು ಬಸ್ ಸ್ಟ್ಯಾಂಡಿನಲ್ಲಿ ಅತ್ತಳು. ಆತನ ಮೇಲೆ ನನಗಿದ್ದ ಸಿಟ್ಟು ಅವತ್ತು ಇನ್ನಷ್ಟು ಗಟ್ಟಿಯಾಯಿತು. ಕಾನೂನಿನ ಪರ ನಿಂತವನು ಕೊಂಚ ಸಭ್ಯನೂ ಆಗಿದ್ದರೆ ನಮ್ಮಂಥವರಿಗೆ ಅನುಕೂಲವಾಗುತ್ತದೆ. ಆತನಿಂದ ಯಾರಿಗೂ ಯಾವ ಅನುಕೂಲವೂ ಆಗಲಿಲ್ಲ.

ಆ ಹೊತ್ತಿಗೆ ಆತ ಓಲ್ಡ್ ಟೌನಿನಲ್ಲಿ ಬೀಡಾ ಅಂಗಡಿ ಇಟ್ಟಿದ್ದ. ಆ ಅಂಗಡಿಯ ಮುಂಭಾಗಕ್ಕೆ ಎದೆ ಮಟ್ಟದಿಂದ ಮೇಲಕ್ಕೆ ಹಲಗೆ ಹೊಡೆಸಿದ್ದ. ಒಳಗೆ ಕೂತವನಿಗೆ ಕೆಳಗಿನ ಕಿಂಡಿಯಿಂದ ಗಿರಾಕಿಯ ಕೈ ಮಾತ್ರ ಕಾಣಬೇಕು. ಬೇರೆಯವರು ಗಾಳಿ ಬರಲೆಂದು ಅಂಗಡಿ ತೆರೆದಿಡುವ ಊರಿನಲ್ಲಿ ಆತ ಮುಚ್ಚಿಸಿಕೊಂಡು ಕೂತ. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಸೀಳಿದ ಉಗುರಿನ ಮಾತನ್ನು ಆತ ಕೋರ್ಟಿನಲ್ಲೂ ಹೇಳಿದ್ದ. "ಒಂದು ಬೀಡಾ ಕೊಡಿ ಜಡ್ಜ್ ಸಾಹೇಬ್ರೇ" ಎಂದು ಬೇಕೆಂದೇ ಹೆಬ್ಬೆರಳು ಒಳಗೆ ತೂರಿಸುವವರಿದ್ದರು. ಆತ ಆ ಬೆರಳನ್ನೂ ಬಿಡದೆ ನೋಡುತ್ತಿದ್ದ. ಕಾರ್ಖಾನೆಗಳ ಊರು ಅದು, ಜಜ್ಜಿದ, ಸೀಳಿದ ಉಗುರುಗಳಿಗೆ ಬರವಿರಲಿಲ್ಲ. ಒಬ್ಬ ಫಿಟ್ಟರ್ ಚಿಲ್ಲರೆಗೆಂದು ಚಾಚಿದ ಕೈಯನ್ನು ಆತ ಬಿಗಿಯಾಗಿ ಹಿಡಿದುಕೊಂಡು ಬಿಡಲಿಲ್ಲವೆಂದು ದೊಡ್ಡ ಗಲಾಟೆಯಾಗಿ, ಠಾಣೆಯವರು ಎಚ್ಚರಿಕೆ ಕೊಟ್ಟು ಕಳಿಸಿದ್ದರು.

ಆಮೇಲೆ ಒಂದು ದಿನ ಬೇರೆ ಲೇಖನಕ್ಕಾಗಿ ಚರ್ಮದ ಡಾಕ್ಟರರೊಬ್ಬರ ಜೊತೆ ಮಾತಾಡುವಾಗ, ಸೀಳಿದ ಉಗುರು ಎಷ್ಟು ದಿನಕ್ಕೆ ಸರಿಯಾಗುತ್ತದೆ ಎಂದು ಕೇಳಿದೆ. ಬುಡಕ್ಕೆ ಪೆಟ್ಟಾಗಿಲ್ಲದಿದ್ದರೆ ಆರು ತಿಂಗಳಲ್ಲಿ ಹೊಸ ಉಗುರು ಎಂದರು. ಪರೇಡ್ ನಡೆದದ್ದು ಏಳನೆಯ ತಿಂಗಳು. ಅಂದರೆ ಆತ ಹುಡುಕುತ್ತಿದ್ದ ಗುರುತು ಆ ದಿನಕ್ಕೆ ಅಳಿಸಿಹೋಗಿರಬಹುದಿತ್ತು. ಕುಂಸಿಯವನೇ ಬಾಂಬ್ ಇಟ್ಟವನಾಗಿರಬಹುದಿತ್ತು. ಆತನೂ ತಪ್ಪಿರಬಹುದೆಂದು ನನಗೆ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳಬೇಕು. ಮರುದಿನವೇ ಓಲ್ಡ್ ಟೌನಿಗೆ ಹೋಗಿ ಕಿಂಡಿಗೆ ಬಗ್ಗಿ ಹೇಳಿದೆ.

"ಗೊತ್ತು" ಎಂದ ಆತ, ಎಲೆಗೆ ಸುಣ್ಣ ಸವರುತ್ತ. "ಬಿದ್ದಿದ್ದ ನನ್ನ ಉಗುರೆಲ್ಲ ಅಷ್ಟೊತ್ತಿಗೆ ಬಂದಿರ್ಲಿಲ್ವಾ?"

"ಮತ್ತೆ ಕೈ ಯಾಕೆ ಚಾಚಿಸಿದ್ರಿ?"

"ಕೈ ಅಂದ್ರೆ ಉಗುರೊಂದೇನಾ? ಚಾಚೋ ರೀತಿ ಅಂತ ಇರುತ್ತೆ. ಒಬ್ಬ ಕಿತ್ಕೊಳ್ಳೋ ಹಂಗೆ ಚಾಚ್ತಾನೆ, ಒಬ್ಬ ಕೊಟ್ರೆ ಕೊಡು ಅನ್ನೋ ಹಂಗೆ. ಅವತ್ತು ಒಂಬತ್ತೂ ಜನ ಹೆದರಿದ್ರು. ಹೆದರಿದೋರ ಕೈ ಎಲ್ಲಾ ಒಂದೇ ಥರ ಇರ್ತವೆ." ಬೀಡಾ ಮಡಿಚಿ ಕಿಂಡಿಯಲ್ಲಿಟ್ಟ. "ಅವನೇ ಇರ್ಬಹುದು. ಅಲ್ದೆ ಇರ್ಬಹುದು. ತಗೊಳ್ಳಿ, ಹಿಂದೆ ಜನ ನಿಂತಿದ್ದಾರೆ."

ನಾನು ಆತನನ್ನು ಕೊನೆಯ ಸಲ ನೋಡಿದ್ದು ಅದಾಗಿ ಎರಡು ವರ್ಷಕ್ಕೆ. ಕುಂಸಿಯವನು ನಮ್ಮ ಕಚೇರಿ ಹುಡುಕಿಕೊಂಡು ಬಂದಿದ್ದ. ಶೆಡ್ಡು ಮತ್ತೆ ಕಟ್ಟಲು ಊರವರು ಬಿಟ್ಟಿರಲಿಲ್ಲ. ಬೇರೆ ಜಿಲ್ಲೆಗೆ ಹೋಗುತ್ತಿದ್ದೇನೆ, ಹೋಗುವ ಮೊದಲು ಕಂಡಕ್ಟರಿಗೆ ಕೈ ಮುಗಿಯಬೇಕು, ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದ. ನಾನು ಫೋಟೋಗ್ರಾಫರನನ್ನೂ ಹೊರಡಿಸಿದೆ. ಇಬ್ಬರೂ ಕೈ ಹಿಡಿದು ನಿಂತ ಚಿತ್ರ ಮೊದಲ ಪುಟಕ್ಕೆ ಆಗುತ್ತದೆ ಎಂದು ಡೆಸ್ಕಿನಲ್ಲಿ ಜಾಗ ಹೇಳಿಟ್ಟಿದ್ದೆ.

ಅವನು ಅಂಗಡಿಯ ಮುಂದೆ ನಿಂತು ಹೆಸರು ಹೇಳಿ, "ನಿಮ್ಮಿಂದ ಬದುಕಿದೆ ಅಣ್ಣಾ" ಎಂದು ಕಿಂಡಿಯೊಳಗೆ ಎರಡೂ ಕೈ ಜೋಡಿಸಿದ. ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ.

"ಜೋಡಿಸ್ಬೇಡ. ಬಲಗೈ ಚಾಚು" ಎಂದ ಆತ.

ಅವನು ಚಾಚಿದ.

"ಹಂಗಲ್ಲ. ಬಸ್ಸಲ್ಲಿ ಟಿಕೆಟ್ ಇಸ್ಕೊಳೋ ಹಂಗೆ."

ಅವನು ನನ್ನ ಕಡೆ ನೋಡಿದ. ಮತ್ತೆ ಚಾಚಿದ. ಹಲಗೆಯ ಹಿಂದೆ ಆತನ ಮುಖ ನನಗೆ ಕಾಣಲಿಲ್ಲ.

"ಇವತ್ತೂ ಹೆದರ್ಕೊಂಡೇ ಚಾಚ್ತಿದ್ದೀಯ" ಎಂದಿತು ಧ್ವನಿ. "ನಂಗೆ ಏನೂ ಗೊತ್ತಾಗಲ್ಲ. ಹೋಗು. ಥ್ಯಾಂಕ್ಸ್ ಹೇಳೋಕೆ ಇನ್ನೊಂದ್ಸಲ ಬರ್ಬೇಡ. ನೀನಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ."

ಫೋಟೋ ಸಿಗಲಿಲ್ಲ. ಫೋಟೋಗ್ರಾಫರ್ ಬೈಕಿನಲ್ಲಿ ಹೋದ, ನಾನೂ ಕುಂಸಿಯವನೂ ಶಿವಮೊಗ್ಗದ ಬಸ್ಸು ಹತ್ತಿದೆವು. ಪಕ್ಕಪಕ್ಕದಲ್ಲೇ ಸೀಟು ಸಿಕ್ಕಿತು. ಅವನು ದಾರಿಯುದ್ದಕ್ಕೂ ಹೆಂಡತಿಯ ತವರಿನ ಬಗ್ಗೆ, ಅಲ್ಲಿ ಸಿಗಬಹುದಾದ ಕೆಲಸದ ಬಗ್ಗೆ ಮಾತಾಡಿದ. ಆ ಬಸ್ಸಿನ ಕಂಡಕ್ಟರ್ ಬಂದಾಗ ಅವನೇ ಕೈ ಚಾಚಿ ಇಬ್ಬರಿಗೂ ಟಿಕೆಟ್ ಇಸ್ಕೊಂಡ. ಆಗ ಅವನಿಗೆ ಹೆದರಿಕೆ ಇರಲಿಲ್ಲ. ಮಾತು ನಿಲ್ಲಿಸಿದ ಮೇಲೆ, ನಾನು ಅಷ್ಟು ಹೊತ್ತು ಎಲ್ಲಿ ನೋಡುತ್ತಿದ್ದೆ ಎಂಬುದು ಅವನಿಗೆ ತಿಳಿಯಿತು. ಮೆಲ್ಲಗೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಶಿವಮೊಗ್ಗ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತ.